ಮಗನನ್ನು ಬಿಟ್ಟು ಅಪ್ಪನನ್ನು ಹಿಡಿದೆ: ನನ್ನ ಅನುಭವ

"ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ?" ಈ ಗಾದೆಯನ್ನು ನಮ್ಮ ಸಮಾಲೋಚನೆ ಕೆಲಸದವರ ಬಾಯಲ್ಲೇ ನಾನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಇಪ್ಪತ್ತು ದಾಟಿದ ಹುಡುಗ ಕೈ ಮಾಡುತ್ತಾನೆ, ಬಾಗಿಲು ಒಡೆಯುತ್ತಾನೆ, ಕೆಲಸದ ಜಾಗದಲ್ಲಿ ಜಗಳ ತೆಗೆಯುತ್ತಾನೆ ಅಂದರೆ, ಈಗ ಅವನ ಅಪ್ಪ-ಅಮ್ಮನ ಜೊತೆ ಕೂತು ಏನು ಪ್ರಯೋಜನ, ಬೆಳೆಸುವ ಕಾಲ ಮುಗಿದೇ ಹೋಯ್ತಲ್ಲ ಅನ್ನುವುದು ಅವರ ವಾದ. ನನಗೆ ಕೆಲಸ ಕಲಿಸಿದ ಹಿರಿಯರೊಬ್ಬರು ಇನ್ನೂ ಖಾರವಾಗಿ ಕೇಳಿದ್ದರು: "ಕಾಯಿಲೆ ಒಬ್ಬನಿಗೆ, ಔಷಧಿ ಇನ್ನೊಬ್ಬರಿಗಾ?"

ಆರು ವರ್ಷದಿಂದ ನಾನು ಮಾಡುತ್ತಿರುವುದು ಸರಿಯಾಗಿ ಅದನ್ನೇ. ಸಿಟ್ಟು ಮಗನದು, ಸೆಷನ್ ಅಪ್ಪ-ಅಮ್ಮನಿಗೆ. ಹೆಚ್ಚುಕಡಿಮೆ 40 ಮನೆ ಆಗಿದೆ. ಎಲ್ಲ ಕಡೆ ಕೈ ಹಿಡಿದಿಲ್ಲ. ಹಿಡಿದ ಕಡೆ ಎಷ್ಟು ಚೆನ್ನಾಗಿ ಹಿಡಿದಿದೆ ಅಂದರೆ, ಆ ಹಿರಿಯರೇ ಹೋದ ವರ್ಷ ಎರಡು ಮನೆಯವರನ್ನು ನನ್ನ ಹತ್ತಿರ ಕಳಿಸಿದರು. ಆ ಧೈರ್ಯದ ಮೇಲೆ ಬರೆಯುತ್ತಿದ್ದೇನೆ. ಓದುವವರು ಇದೇ ಕೆಲಸದವರು, ಹಾಗಾಗಿ ಮಕ್ಕಳನ್ನು ಬೆಳೆಸುವ ರೀತಿಯಲ್ಲಿ ಮನಶ್ಶಾಸ್ತ್ರಜ್ಞೆ ಬೌಮ್‌ರಿಂಡ್ 1960ರ ದಶಕದಲ್ಲಿ ಹೇಳಿದ ಮೂರು ಬಗೆ, 1983ರಲ್ಲಿ ಮ್ಯಾಕೋಬಿ ಮತ್ತು ಮಾರ್ಟಿನ್ ಸೇರಿಸಿದ ನಾಲ್ಕನೆಯದು, ಇವನ್ನೆಲ್ಲ ಬಿಡಿಸಿ ಹೇಳುವುದಿಲ್ಲ. ಬಿಗಿ ಮನೆ, ಸಡಿಲ ಮನೆ, ಹಿಡಿತದ ಜೊತೆ ಪ್ರೀತಿಯೂ ಇರುವ ಮನೆ, ಯಾರೂ ನೋಡದ ಮನೆ ಅಂತ ನನ್ನ ಬಾಯಲ್ಲಿ ಬರುವುದು. ಅಷ್ಟು ಸಾಕು.

ಮೊದಲು ಸೋತದ್ದನ್ನು ಹೇಳುತ್ತೇನೆ.

ನಾನು ಶುರು ಮಾಡಿದ್ದು ಎಲ್ಲರ ಹಾಗೆ ಹುಡುಗರ ಗುಂಪಿನಿಂದಲೇ. 18ರಿಂದ 25ರ ಒಳಗಿನ ಹನ್ನೆರಡು ಜನ, ವಾರಕ್ಕೊಂದು ಸಂಜೆ. ಒಂದು ಹಾಲ್ ಬಾಡಿಗೆಗೆ ಹಿಡಿದೆ, ವರ್ಷದ ಅಡ್ವಾನ್ಸ್ ಕೊಟ್ಟೆ. ಆಗಿನ ನನ್ನ ಮೂರು ತಿಂಗಳ ಸಂಪಾದನೆ ಅದಕ್ಕೇ ಹೋಯಿತು. ಉಸಿರಾಟ, ಹತ್ತರವರೆಗೆ ಎಣಿಸುವುದು, ಸಿಟ್ಟು ಬಂದ ಹೊತ್ತನ್ನು ಬರೆದಿಡುವುದು, ಎಲ್ಲ ಮಾಡಿಸಿದೆ. ಜೊತೆಗೆ ದೊಡ್ಡ ದಿಂಬುಗಳನ್ನು ತಂದು ಗುದ್ದಿಸಿದೆ. ಒಳಗಿರುವುದು ಹೊರಗೆ ಹೋಗಲಿ ಅಂತ. ಆಗ ಎಲ್ಲರೂ ಅದನ್ನೇ ಮಾಡುತ್ತಿದ್ದರು, ಈಗಲೂ ಕೆಲವರು ಮಾಡುತ್ತಾರೆ. ಮೂರನೇ ವಾರ ಒಬ್ಬ ಹುಡುಗ ಹೋಗುವಾಗ ಬಾಗಿಲ ಹತ್ತಿರ ನಿಂತು ಹೇಳಿದ: "ಮೇಡಂ, ಇಲ್ಲಿ ಗುದ್ದಿ ಮನೆಗೆ ಹೋದ್ರೆ ಕೈ ಇನ್ನೂ ಬಿಸಿಯಾಗೇ ಇರುತ್ತೆ."

ಆ ಮಾತು ನನ್ನನ್ನು ಬಿಡಲಿಲ್ಲ. ಆಮೇಲೆ ಹುಡುಕಿ ನೋಡಿದರೆ 2002ರಲ್ಲೇ ಬ್ರಾಡ್ ಬುಷ್‌ಮನ್ ಅದನ್ನು ಪ್ರಯೋಗ ಮಾಡಿ ತೋರಿಸಿದ್ದರು. ಸಿಟ್ಟು ಬರಿಸಿದವನನ್ನು ನೆನೆಸಿಕೊಂಡು ಗುದ್ದುವ ಚೀಲಕ್ಕೆ ಗುದ್ದಿದವರ ಸಿಟ್ಟು ಇಳಿಯಲಿಲ್ಲ, ಏರಿತು. ಏನೂ ಮಾಡದೆ ಸುಮ್ನೆ ಕೂತವರು ಅವರಿಗಿಂತ ತಣ್ಣಗಿದ್ದರು. ನಾನು ದುಡ್ಡು ಕೊಟ್ಟು ಹಾಲ್ ಹಿಡಿದು ಹುಡುಗರಿಗೆ ಗುದ್ದುವ ಅಭ್ಯಾಸ ಮಾಡಿಸಿದ್ದೆ. ನಾಲ್ಕನೇ ವಾರಕ್ಕೆ ಐದು ಜನ ಉಳಿದರು, ಏಳನೇ ವಾರಕ್ಕೆ ಇಬ್ಬರು. ಹಾಲ್‌ನ ಮಾಲೀಕರು ಅಡ್ವಾನ್ಸ್ ವಾಪಸ್ ಕೊಡಲಿಲ್ಲ, ಕೇಳುವ ಹಕ್ಕೂ ನನಗಿರಲಿಲ್ಲ.

ಎರಡನೇ ಸೋಲು ಪೋಷಕರ ತರಗತಿ. ಆ ನಾಲ್ಕು ಬಗೆಯ ಮನೆಯನ್ನು ನಾಲ್ಕು ಚೌಕದಲ್ಲಿ ತೋರಿಸುವ ಪ್ರಸಿದ್ಧ ಚಿತ್ರ ಹಾಕಿ ಪುಸ್ತಿಕೆ ಮಾಡಿಸಿದೆ. 300 ಪ್ರತಿ. ಅದರಲ್ಲಿ 200ಕ್ಕೂ ಜಾಸ್ತಿ ಇನ್ನೂ ಪೆಟ್ಟಿಗೆಯಲ್ಲಿವೆ. ತರಗತಿಗೆ ಜನ ಬಂದರು, ತಲೆ ಆಡಿಸಿದರು, ಕೊನೆಗೆ "ನಿಮ್ಮದು ಯಾವ ಚೌಕ?" ಅಂದರೆ ಎಲ್ಲರದೂ ಒಂದೇ ಚೌಕ. ಹಿಡಿತ ಇದೆ, ಪ್ರೀತಿಯೂ ಇದೆ, ಮಕ್ಕಳ ಮಾತು ಕೇಳುತ್ತೇವೆ. ಮೊದಲ ವಾರ ಮಗನ ಹಲ್ಲು ಮುರಿದಿದ್ದ ಅಪ್ಪನೂ ಅದೇ ಚೌಕ. ಮಕ್ಕಳನ್ನು ಹೊಡೆಯುವುದನ್ನು ಸ್ವೀಡನ್ 1979ರಲ್ಲೇ ಕಾನೂನಿನಿಂದ ನಿಲ್ಲಿಸಿತು ಅಂತ ಒಂದು ದಿನ ಹೇಳಿದೆ. "ನಾವೂ ಏಟು ತಿಂದೇ ಬೆಳೆದದ್ದು, ನಮಗೇನಾಗಿದೆ?" ಅಂತ ಹಿಂದಿನ ಸಾಲಿನಿಂದ ಮಾತು ಬಂತು, ಇಡೀ ಕೋಣೆ ಅವರ ಕಡೆ ವಾಲಿತು. ಸತ್ಯ ಹೇಳಿದರೆ ಜನ ಬದಲಾಗುತ್ತಾರೆ ಅನ್ನುವ ನನ್ನ ನಂಬಿಕೆ ಅವತ್ತು ಹೋಯಿತು.

ಆದರೆ ಆ ತರಗತಿಯಿಂದ ಒಂದು ಲಾಭವಾಯಿತು. ಜಾನ್ ಬುರಿ 1991ರಲ್ಲಿ ಮಾಡಿದ 30 ಪ್ರಶ್ನೆಗಳ ಪ್ರಶ್ನಾವಳಿ ನಿಮಗೆ ಗೊತ್ತಲ್ಲ, ಅಪ್ಪ-ಅಮ್ಮ ತಮ್ಮನ್ನು ಹೇಗೆ ಬೆಳೆಸಿದರು ಅಂತ ಮಕ್ಕಳು ತುಂಬುವುದು. ಅದನ್ನು ಮಕ್ಕಳಿಂದ ತುಂಬಿಸಿದೆ. ಅವೇ ವಾಕ್ಯಗಳನ್ನು ತಿರುಗಿಸಿ ಬರೆದು ಅಪ್ಪ-ಅಮ್ಮನಿಂದಲೂ ತುಂಬಿಸಿದೆ. ಶಾಸ್ತ್ರದ ಪ್ರಕಾರ ಹಾಗೆ ಮಾಡಬಾರದು ಅಂತ ಗೊತ್ತು. ಹದಿನಾಲ್ಕು ಮನೆಯಲ್ಲಿ ಹನ್ನೊಂದರಲ್ಲಿ ಇಬ್ಬರ ಉತ್ತರಗಳು ಎರಡು ಬೇರೆ ಮನೆಯವರ ಉತ್ತರದ ಹಾಗಿದ್ದವು. ಅಂದಿನಿಂದ ನಾನು ಸ್ಕೋರು ನೋಡುವುದು ಬಿಟ್ಟೆ, ಅಂತರ ನೋಡುತ್ತೇನೆ. ಅಂತರ ದೊಡ್ಡದಿದ್ದ ಮನೆಯಲ್ಲಿ ಕೆಲಸ ನಿಧಾನ. ಇದು ಇಲ್ಲಿಯವರೆಗೆ ತಪ್ಪಿಲ್ಲ. ಬಸ್ ಮತ್ತು ಪೆರಿ 1992ರಲ್ಲಿ ಮಾಡಿದ 29 ಪ್ರಶ್ನೆಗಳ ಸಿಟ್ಟಿನ ಅಳತೆಯನ್ನೂ ಕೊಡುತ್ತೇನೆ. ಹೊಡೆತದ ಬಗ್ಗೆ ಇರುವ ಪ್ರಶ್ನೆಗಳಿಗೆ ಹುಡುಗರು ಮುಚ್ಚಿಟ್ಟು ಉತ್ತರ ಕೊಡುತ್ತಾರೆ. ಹಗೆಯ ಬಗ್ಗೆ ಇರುವ ಎಂಟು ಪ್ರಶ್ನೆಗಳಲ್ಲಿ ನಿಜ ಬಂದುಬಿಡುತ್ತದೆ. ನಾನು ಆ ಎಂಟನ್ನು ಮಾತ್ರ ಎರಡೆರಡು ಸಲ ಓದುತ್ತೇನೆ.

ಇನ್ನು ನಿಜವಾದ ಕಥೆ. ಒಂದು ಮನೆಯಿಂದ ಅಪ್ಪ ಒಬ್ಬರೇ ಬಂದರು. ಮಗನಿಗೆ 21. ಜೊತೆಗೆ ಕೆಲಸ ಮಾಡುವವನ ಕಪಾಳಕ್ಕೆ ಹೊಡೆದು ಕೆಲಸ ಕಳೆದುಕೊಂಡಿದ್ದ, ಅದೂ ಎರಡನೇ ಸಲ. "ಅವನು ಬರಲ್ಲ ಮೇಡಂ. ಹುಚ್ಚ ನಾನಲ್ಲ, ನೀನು ಅಂದ. ನೀವೇ ಹೇಗಾದ್ರೂ ಮಾಡಿ" ಅಂದರು. ಮಗ ಬರದೆ ಏನೂ ಆಗಲ್ಲ ಅಂತ ಹೇಳಿ ಕಳಿಸಬೇಕಿತ್ತು. ಆ ತಿಂಗಳು ನನ್ನ ಹತ್ತಿರ ಬೇರೆ ಕೇಸೇ ಇರಲಿಲ್ಲ, ಬಾಡಿಗೆ ಕಟ್ಟಬೇಕಿತ್ತು. ಕೂರಿ ಅಂದೆ. ನನ್ನ ವಿಧಾನ ಹುಟ್ಟಿದ್ದು ಹಾಗೆ.

ಮನೆಯಲ್ಲಿ ಏನಾಗುತ್ತದೆ ಅಂತ ಮೊನ್ನೆಯ ಒಂದು ರಾತ್ರಿಯನ್ನು ಮಾತು ಮಾತಿಗೆ ಹೇಳಿಸಿದೆ. ಮಗ ತಡವಾಗಿ ಬಂದ. ಅಪ್ಪ "ಎಷ್ಟು ಗಂಟೆ ಈಗ?" ಅಂದರು. ಮಗ ಉತ್ತರ ಕೊಡದೆ ಒಳಗೆ ಹೋದ. ಅಪ್ಪ ದನಿ ಏರಿಸಿದರು, ಮಗ ಅದಕ್ಕಿಂತ ಏರಿಸಿದ. ಅಪ್ಪ ಮನೆ ಬಿಟ್ಟು ಹೋಗು ಅಂದರು. ಮಗ ಬಾಗಿಲಿಗೆ ಒದ್ದ, ಚಿಲಕ ಕಿತ್ತು ಬಂತು. ಅಮ್ಮ ನಡುವೆ ಬಂದು "ಬಿಟ್ಟುಬಿಡಿ ಅವನನ್ನ" ಅಂದರು. ಅಪ್ಪ ಸುಮ್ಮನಾದರು. ಆಮೇಲೆ ಹದಿನೈದು ದಿನ ಯಾರೂ ಏನೂ ಕೇಳಲಿಲ್ಲ. ಮೂರನೇ ದಿನ ಕೈಖರ್ಚಿಗೆ ದುಡ್ಡೂ ಸಿಕ್ಕಿತು.

ಮನಶ್ಶಾಸ್ತ್ರಜ್ಞ ಜೆರಾಲ್ಡ್ ಪ್ಯಾಟರ್ಸನ್ ಇದನ್ನು ಎಷ್ಟೋ ವರ್ಷ ಮನೆಮನೆಯಲ್ಲಿ ಕೂತು ಎಣಿಸಿದ್ದಾರೆ. ಒಬ್ಬರು ಕೂಗಿದರೆ ಇನ್ನೊಬ್ಬರು ಹಿಂದೆ ಸರಿಯುತ್ತಾರೆ. ಕೂಗಿದವನಿಗೆ ಬಿಡುಗಡೆ ಸಿಗುತ್ತದೆ, ಸರಿದವರಿಗೆ ನೆಮ್ಮದಿ ಸಿಗುತ್ತದೆ. ಇಬ್ಬರಿಗೂ ಕೂಲಿ ಸಿಕ್ಕಂತೆ. ಹಾಗಾಗಿ ಇಬ್ಬರೂ ನಾಳೆ ಮತ್ತೆ ಅದನ್ನೇ ಮಾಡುತ್ತಾರೆ. ನನಗೆ ಹೊಳೆದದ್ದು ಏನೆಂದರೆ, ಈ ಹುಡುಗ ಕೆಲಸದ ಜಾಗಕ್ಕೆ ಹೊತ್ತುಕೊಂಡು ಹೋಗಿದ್ದು ಬೇರೆ ಏನನ್ನೂ ಅಲ್ಲ, ಮನೆಯ ಈ ಪಾಠವನ್ನೇ. ದನಿ ಏರಿಸಿದರೆ ಎದುರಿನವರು ಸರಿಯುತ್ತಾರೆ. ಅಲ್ಲಿನ ಮೇಲ್ವಿಚಾರಕರು ಸರಿಯಲಿಲ್ಲ. ಆಗ ಅವನಿಗೆ ಗೊತ್ತಿದ್ದ ಮುಂದಿನ ಮೆಟ್ಟಿಲು ಕೈ.

ಈ ಪಾಠವನ್ನು ಹುಡುಗ ದಿನಾ ಮನೆಯಲ್ಲಿ ಹೊಸದಾಗಿ ಕಲಿಯುತ್ತಿದ್ದಾನೆ. ಮೂರು ವರ್ಷದವನಿದ್ದಾಗ ಕಲಿತು ಮುಗಿಸಿದ ಪಾಠ ಅಲ್ಲ ಅದು. ಮಗು ಹೊಡೆಯುವುದನ್ನು ಕಲಿಯುವುದಿಲ್ಲ, ಹೊಡೆಯದಿರುವುದನ್ನು ಕಲಿಯುತ್ತದೆ ಅನ್ನುವುದು ರಿಚರ್ಡ್ ಟ್ರಾಂಬ್ಲೆ ಅವರ ವಾದ. ಕೈಕಾಲು ಆಡಿಸಿ ಹೊಡೆಯುವುದು ಎರಡು ಮೂರು ವರ್ಷದ ಮಕ್ಕಳಲ್ಲೇ ಅತಿ ಹೆಚ್ಚು. ಅಂದಮೇಲೆ ಕಲಿಯದೆ ಉಳಿದದ್ದನ್ನು 21ಕ್ಕೆ ಕಲಿಯಬಾರದು ಅಂತ ಏನಿದೆ? ಗಾದೆ ಹೇಳುವವರಿಗೆ ನಾನು ಕೊಡುವ ಉತ್ತರ ಇದು.

ಆ ಅಪ್ಪನ ಜೊತೆ ಮಾಡಿದ್ದು ಇಷ್ಟು. ಮೊದಲ ಎರಡು ವಾರ ಬರೀ ಲೆಕ್ಕ. ಒಂದು ಸಣ್ಣ ಪುಸ್ತಕ, ಅದರಲ್ಲಿ ದಿನಕ್ಕೆ ಮಗನಿಗೆ ಹೇಳಿದ ಮಾತು ಎಷ್ಟು, ಅದರಲ್ಲಿ ಅಪ್ಪಣೆ ಎಷ್ಟು, ವಿಚಾರಣೆ ಎಷ್ಟು, ಚುಚ್ಚುಮಾತು ಎಷ್ಟು. ಬರೆಯುವುದು ಗೀಟು ಹಾಕಿ ಅಷ್ಟೇ. ಎರಡನೇ ವಾರ ಪುಸ್ತಕ ಮೇಜಿನ ಮೇಲಿಟ್ಟು ಅವರು ತುಂಬಾ ಹೊತ್ತು ಮಾತಾಡಲಿಲ್ಲ. ಆಮೇಲೆ ಬೆರಳಿಟ್ಟು ತೋರಿಸಿದರು. ಏಳು ದಿನದಲ್ಲಿ 60-65 ಗೀಟು. ನಾಲ್ಕನೇ ಕಾಲಂ, ಅಂದರೆ ಈ ಮೂರೂ ಅಲ್ಲದ ಮಾತು, ಒಂದೇ ಒಂದು. "ಅದೂ ಕರೆಂಟು ಹೋದಾಗ, ಟಾರ್ಚ್ ಎಲ್ಲಿದೆ ಅಂತ ಅವನೇ ಕೇಳಿದ್ದು ಮೇಡಂ" ಅಂದರು. ನಾನು ಒಂದು ಮಾತೂ ಸೇರಿಸಲಿಲ್ಲ. ಆ ಕಾಲಂ ಮಾಡಿದ ಕೆಲಸ ನನ್ನ 300 ಪುಸ್ತಿಕೆ ಮಾಡಿರಲಿಲ್ಲ.

ಮೂರನೇ ವಾರದಿಂದ ತಡ ಮಾಡುವುದನ್ನು ಕಲಿಸಿದೆ. ಇದು ನನ್ನದಲ್ಲ. ಇಸ್ರೇಲಿನ ಮನಶ್ಶಾಸ್ತ್ರಜ್ಞ ಹೈಮ್ ಓಮರ್ ಅಹಿಂಸೆಯ ದಾರಿಯನ್ನು, ಗಾಂಧಿಯವರಿಂದ ತೆಗೆದುಕೊಂಡು, ಅಪ್ಪ-ಅಮ್ಮಂದಿರಿಗೆ ಹೇಳಿಕೊಟ್ಟವರು. ಕಬ್ಬಿಣ ಕಾದಾಗಲ್ಲ, ತಣ್ಣಗಾದ ಮೇಲೆ ಬಡಿ ಅನ್ನುವುದು ಅವರ ಮಾತು. ಮಗ ಕೂಗಿದಾಗ ಅಪ್ಪ ಹೇಳಬೇಕಾದದ್ದು: "ಇದು ನನಗೆ ಒಪ್ಪಿಗೆ ಇಲ್ಲ. ಈಗ ಮಾತು ಬೇಡ. ನಾಳೆ ಬೆಳಿಗ್ಗೆ ಮಾತಾಡ್ತೀನಿ." ಅಷ್ಟು ಹೇಳಿ ಆ ಕೋಣೆಯಿಂದ ಹೊರಗೆ ಹೋಗಬೇಕು, ಮನೆಯಿಂದಲ್ಲ.

ಇದನ್ನು ಎಲ್ಲರೂ ಹೇಳಿಕೊಡುತ್ತಾರೆ. ಎಡವುವುದು ಎಲ್ಲಿ ಅಂದರೆ, ನಾಳೆ ಬೆಳಿಗ್ಗೆ ಆಗುತ್ತದೆ, ಅಪ್ಪ ಮಾತಾಡುವುದಿಲ್ಲ. ರಾತ್ರಿ ಗಲಾಟೆ ಇಲ್ಲದೆ ಕಳೆಯಿತಲ್ಲ, ಮತ್ತೆ ಯಾಕೆ ಕೆದಕುವುದು ಅನ್ನಿಸುತ್ತದೆ. ಅಲ್ಲಿಗೆ ಅದು ಹಳೆಯ ಹಿಂದೆ ಸರಿಯುವಿಕೆಯೇ ಆಯಿತು, ಸ್ವಲ್ಪ ಸಭ್ಯವಾಗಿ ಅಷ್ಟೇ. ನನ್ನ ಮೊದಲ ಆರೇಳು ಮನೆ ಇಲ್ಲೇ ಹಾಳಾದವು. ಈಗ ನಾನು ಸೆಷನ್ನಿನ ಮುಕ್ಕಾಲು ಭಾಗ ಬೆಳಿಗ್ಗೆಯ ಮಾತಿಗೇ ಕೊಡುತ್ತೇನೆ. ಅಪ್ಪನನ್ನು ಮಗನ ಕುರ್ಚಿಯಲ್ಲಿ ಕೂರಿಸುತ್ತೇನೆ, ನಾನು ಅಪ್ಪನಾಗುತ್ತೇನೆ, ಆಮೇಲೆ ಅದಲುಬದಲು. ಬೆಳಿಗ್ಗೆಯ ಆ ಮೊದಲ ವಾಕ್ಯ ಏನು ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಅದನ್ನು ಹುಡುಕಲು ನನಗೆ ಎರಡು ವರ್ಷ ಹಿಡಿದಿದೆ, ಕಲಿಯಲು ಬಂದವರಿಗೆ ಎದುರು ಕೂರಿಸಿ ಹೇಳುತ್ತೇನೆ. ಇಷ್ಟು ಮಾತ್ರ ಹೇಳಬಲ್ಲೆ, ಅದು ಪ್ರಶ್ನೆಯಲ್ಲ, ಮತ್ತು ಅದರಲ್ಲಿ "ನೀನು" ಅನ್ನುವ ಪದ ಇಲ್ಲ.

ಇನ್ನೊಂದು ಎಚ್ಚರಿಕೆ. ಮೂರು-ನಾಲ್ಕನೇ ವಾರ ಹುಡುಗನ ಸಿಟ್ಟು ಜಾಸ್ತಿಯಾಗುತ್ತದೆ. ಇಷ್ಟು ವರ್ಷ ನಡೆದ ನಾಣ್ಯ ಇವತ್ತು ನಡೆಯಲಿಲ್ಲ ಅಂದರೆ ಯಾರಾದರೂ ಇನ್ನೊಂದೆರಡು ಸಲ ಜೋರಾಗಿ ಮೇಜಿಗೆ ಬಡಿದೇ ಬಡಿಯುತ್ತಾರೆ. ಮೊದಲ ಮನೆಗಳಿಗೆ ನಾನು ಇದನ್ನು ಮುಂಚೆ ಹೇಳಿರಲಿಲ್ಲ. ಇಬ್ಬರು ಅರ್ಧಕ್ಕೆ ಬಿಟ್ಟರು, ಒಬ್ಬರು ಕೊಟ್ಟ ಫೀಸು ವಾಪಸ್ ಕೇಳಿದರು. ಕೊಟ್ಟೆ. ಈಗ ಮೊದಲ ದಿನವೇ ಹೇಳುತ್ತೇನೆ: ಇಂಥ ವಾರ ಕೆಡುತ್ತದೆ, ಕೆಟ್ಟರೆ ಅದು ಕೆಲಸ ಮಾಡುತ್ತಿದೆ ಅಂತ. ಹಾಗೆ ಹೇಳಿದ ಮೇಲೆ ಆ ವಾರ ಬಿಟ್ಟುಹೋದವರು ಒಬ್ಬರೂ ಇಲ್ಲ.

ಚಿಲಕದ ಕಥೆ ಮುಗಿಸುತ್ತೇನೆ. ಒದ್ದು ಕಿತ್ತ ಬಾಗಿಲು ಎರಡು ತಿಂಗಳು ಹಾಗೇ ಇತ್ತು. ಬಡಗಿಯನ್ನು ಕರೆಸಿಬಿಡಲಾ ಅಂತ ಅಪ್ಪ ಮೂರು ಸಲ ಕೇಳಿದರು. ಬೇಡ ಅಂದೆ. ಏಳನೇ ವಾರದ ಒಂದು ಬೆಳಿಗ್ಗೆ ಅವರು ಮಗನಿಗೆ ಹೇಳಿದರು, "ಬಾಗಿಲು ಇಬ್ಬರೂ ಸೇರಿ ಸರಿ ಮಾಡೋಣ. ಭಾನುವಾರ. ನಾನು ಹಿಡ್ಕೋತೀನಿ." ಭಾನುವಾರ ಮಗ ಎದ್ದು ಬರಲಿಲ್ಲ. ಅಪ್ಪ ಒಬ್ಬರೇ ಸ್ಕ್ರೂಡ್ರೈವರ್ ಹಿಡಿದು ಬಾಗಿಲ ಮುಂದೆ ಕೂತರು. ಅವರೂ ಶುರು ಮಾಡಲಿಲ್ಲ, ಕರೆಯಲೂ ಇಲ್ಲ. ಮುಕ್ಕಾಲು ಗಂಟೆ ಆದ ಮೇಲೆ ಮಗ ಬಂದ. ಹಳೆಯ ಮೊಳೆಯ ತೂತು ದೊಡ್ಡದಾಗಿತ್ತು, ಮೊಳೆ ನಿಲ್ಲುತ್ತಿರಲಿಲ್ಲ. ಮಗನೇ ಬೆಂಕಿಕಡ್ಡಿ ಮುರಿದು ತೂತಿಗೆ ತುರುಕಿ ಮೇಲೆ ತಿರುಪಿದ. "ಅದು ಅವನಿಗೆ ಹೇಗೆ ಗೊತ್ತು ಅಂತ ನಂಗೊತ್ತಿಲ್ಲ ಮೇಡಂ" ಅಂತ ಹೇಳುವಾಗ ಆ ಮನುಷ್ಯನ ದನಿ ನಡುಗುತ್ತಿತ್ತು. ಆ ಹುಡುಗ ಆಮೇಲೆ ಸೇರಿದ ಕೆಲಸದಲ್ಲಿ ನನಗೆ ಗೊತ್ತಿರುವ ಮಟ್ಟಿಗೆ ಎರಡೂವರೆ ವರ್ಷದಿಂದ ಇದ್ದಾನೆ. ನಾನು ಅವನ ಮುಖ ನೋಡಿಲ್ಲ.

ಈ ಮನೆ ಬಿಗಿ ಮನೆಯ ಜಾತಿ. ಇಂಥ ಮನೆಯ ಹುಡುಗರಲ್ಲಿ ನಾನು ಪದೇ ಪದೇ ನೋಡಿದ್ದು, ಯಾರು ಏನು ಮಾಡಿದರೂ ಬೇಕಂತಲೇ ಮಾಡಿದರು ಅಂತ ಓದಿಕೊಳ್ಳುವುದು. ಭುಜ ತಗುಲಿದರೆ ಗುದ್ದಿದ, ನಕ್ಕರೆ ನನ್ನನ್ನು ನೋಡಿ ನಕ್ಕ. ಕೆನ್ನೆತ್ ಡಾಡ್ಜ್ ಇದನ್ನು ಮಕ್ಕಳಲ್ಲಿ ಚೆನ್ನಾಗಿ ತೋರಿಸಿದ್ದಾರೆ. ಮುನ್ಸೂಚನೆ ಇಲ್ಲದೆ ಏಟು ಬೀಳುವ ಮನೆಯಲ್ಲಿ ಎಲ್ಲದರಲ್ಲೂ ಏಟು ಕಾಣುವುದು ಬುದ್ಧಿವಂತಿಕೆಯೇ. ಹೊರಗೆ ಅದು ಹೊಂದುವುದಿಲ್ಲ.

ಸಡಿಲ ಮನೆಯವರ ಸಿಟ್ಟು ಬೇರೆ. ಅವರು ಹಗೆ ಇಟ್ಟುಕೊಳ್ಳುವುದಿಲ್ಲ, "ಆಗಲ್ಲ" ಅನ್ನುವ ಮಾತು ಕೇಳಿದಾಗ ಮಾತ್ರ ಸಿಡಿಯುತ್ತಾರೆ. ಇಂಥ ಅಮ್ಮಂದಿರಿಗೆ ನಾನು ಒಂದೇ ಒಂದು "ಆಗಲ್ಲ" ಆರಿಸಲು ಹೇಳುತ್ತೇನೆ, ಎಷ್ಟು ಸಣ್ಣದಾದರೂ ಸರಿ, ಹತ್ತು ವಾರ ಅದನ್ನು ಹಿಡಿದುಕೊಂಡರೆ ಸಾಕು. ಒಬ್ಬರು ಮಗನ ದಂಡ ಕಟ್ಟುವುದನ್ನು ನಿಲ್ಲಿಸಿದರು. ದುಡ್ಡಿನ ವಿಷಯ ಆರಿಸಿಕೊಂಡವರು ಬೇಗ ಗೆಲ್ಲುತ್ತಾರೆ, ಯಾಕೆಂದರೆ ದುಡ್ಡಿಗೆ ಲೆಕ್ಕ ಇದೆ, ಮಾತಿಗೆ ಇಲ್ಲ. ಆದರೆ ಅಪ್ಪ ಒಂದು ಹೇಳಿ ಅಮ್ಮ ಒಂದು ಮಾಡಿದರೆ, ಎತ್ತು ಏರಿಗೆ, ಕೋಣ ನೀರಿಗೆ. ಅಂಥ ಮನೆಯಲ್ಲಿ ಮೊದಲ ನಾಲ್ಕು ವಾರ ಮಗನ ಹೆಸರನ್ನೇ ಎತ್ತುವುದಿಲ್ಲ, ಗಂಡ-ಹೆಂಡತಿ ಇಬ್ಬರನ್ನೂ ಒಂದು ವಾಕ್ಯಕ್ಕೆ ಒಪ್ಪಿಸುವುದೇ ಕೆಲಸ.

ನನಗೆ ತುಂಬಾ ಕಾಡಿದ್ದು ಮೂರನೇ ಬಗೆ, ಚೌಕದಲ್ಲಿ ಇಲ್ಲದ್ದು. ಹೊಡೆಯುವುದಿಲ್ಲ, ಬೈಯುವುದಿಲ್ಲ. ಮುನಿಸು. "ನಿನಗೋಸ್ಕರ ನಾನು ಏನೆಲ್ಲ ಬಿಟ್ಟೆ" ಅನ್ನುವ ಮಾತು. ಬ್ರಯನ್ ಬಾರ್ಬರ್ 1996ರಲ್ಲಿ ಇದನ್ನು ಬೇರೆಯಾಗಿ ಎತ್ತಿ ತೋರಿಸಿದರು, ನಡತೆಗೆ ಹಿಡಿತ ಹಾಕುವುದು ಬೇರೆ, ಮನಸ್ಸಿಗೆ ಹಾಕುವುದು ಬೇರೆ ಅಂತ. ಇಂಥ ಮನೆಯ ಮಕ್ಕಳನ್ನು ಸಿಟ್ಟಿನವರು ಅಂತ ಯಾರೂ ನನ್ನ ಹತ್ತಿರ ಕಳಿಸುವುದಿಲ್ಲ. ಒಬ್ಬ ಹುಡುಗಿ ಬಂದದ್ದು ನಿದ್ದೆ ಬರಲ್ಲ ಅಂತ. ಮಾತಾಡುತ್ತಾ ಹೋದರೆ, ಒಂದು ವರ್ಷದಲ್ಲಿ ಮೂರು ಸಲ ರೂಮು ಬದಲಿಸಿದ್ದಳು. ಜೊತೆಗಿದ್ದವರಲ್ಲಿ ಯಾರ ಮೇಲೆ ಬೇಜಾರಾದರೂ ಅವರ ಜೊತೆ ಮಾತು ಬಿಡುತ್ತಿದ್ದಳು, ಉಳಿದವರನ್ನೂ ಮಾತು ಬಿಡಿಸುತ್ತಿದ್ದಳು, ಗುಂಪಿನಿಂದ ತೆಗೆಸುತ್ತಿದ್ದಳು. ಕ್ರಿಕ್ ಮತ್ತು ಗ್ರಾಟ್‌ಪೀಟರ್ 1995ರಲ್ಲಿ ಸಂಬಂಧವನ್ನೇ ಆಯುಧ ಮಾಡಿಕೊಳ್ಳುವ ಸಿಟ್ಟು ಅಂತ ಬರೆದದ್ದು ಇದನ್ನೇ. ಕೈ ಎತ್ತುವುದಿಲ್ಲ, ಆದರೆ ಎದುರಿನವರು ಅಳುತ್ತಾ ಮಲಗುತ್ತಾರೆ.

ಅಮ್ಮನನ್ನು ಕರೆದೆ. ಬೇಜಾರಾದರೆ ಎಷ್ಟು ದಿನ ಮಾತು ಬಿಡುತ್ತೀರಿ ಅಂದೆ. "ಜಾಸ್ತಿ ಇಲ್ಲ, ಮೂರು ದಿನ" ಅಂದರು. ಮಗಳನ್ನು ಕೇಳಿದರೆ ಹನ್ನೊಂದು ದಿನದ ಒಂದು ಲೆಕ್ಕ ಕೊಟ್ಟಳು, ಅವಳು ಒಂಬತ್ತನೇ ತರಗತಿಯಲ್ಲಿದ್ದಾಗಿನದು. ದಿನ ಎಣಿಸಿ ಇಟ್ಟುಕೊಂಡಿದ್ದಳು. ಆ ಅಮ್ಮನಿಗೆ ನಾನು ತಡ ಮಾಡುವುದನ್ನು ಹೇಳಿಕೊಡಲಿಲ್ಲ. ಕೊಟ್ಟಿದ್ದರೆ ಇನ್ನೊಂದು ಮೌನ ಆಗುತ್ತಿತ್ತು. ಉಲ್ಟಾ ಮಾಡಿಸಿದೆ: ಬೇಜಾರಾದ ಅರ್ಧ ಗಂಟೆಯೊಳಗೆ, ದನಿ ಸರಿ ಇರಲಿ ಬಿಡಲಿ, "ನನಗೆ ಇದರಿಂದ ಬೇಜಾರಾಯ್ತು" ಅಂತ ಬಾಯಿ ಬಿಟ್ಟು ಹೇಳಬೇಕು. ಆರನೇ ವಾರ ಆಕೆ ಫೋನ್ ಮಾಡಿ ಹೇಳಿದರು, ಹೇಳಿದೆ ಮೇಡಂ, ಇಬ್ಬರೂ ಕಿರುಚಾಡಿದೆವು, ರಾತ್ರಿ ಮಲಗುವಷ್ಟರಲ್ಲಿ ಸರಿಹೋಯ್ತು. ಕಿರುಚಾಡಿದ್ದಕ್ಕೆ ನಾನು ಒಬ್ಬರನ್ನು ಹೊಗಳಿದ್ದು ಅದೊಂದೇ ಸಲ.

ಮಧ್ಯೆ ಮಧ್ಯೆ ಬೇರೆ ಪ್ರಯೋಗಗಳನ್ನೂ ಮಾಡಿದೆ. ಓಮರ್ ಹೇಳುವ ಹಾಗೆ ಅಪ್ಪ-ಅಮ್ಮ ಮಗನ ಕೋಣೆಯಲ್ಲಿ ಹೋಗಿ ಸುಮ್ಮನೆ ಕೂರುವುದನ್ನು ನಾಲ್ಕು ಮನೆಯಲ್ಲಿ ಮಾಡಿಸಿದೆ. ಹದಿನೈದು ವರ್ಷದವರಿಗೆ ಅದು ಆಗಬಹುದು. 22 ವರ್ಷದವನಿಗೆ ಅದು ಕಾವಲು ಅನ್ನಿಸುತ್ತದೆ. ಒಬ್ಬ ಎದ್ದು ಹೋದವನು ಎರಡು ರಾತ್ರಿ ಬರಲಿಲ್ಲ, ಆ ಎರಡು ರಾತ್ರಿ ನಾನೂ ನಿದ್ದೆ ಮಾಡಲಿಲ್ಲ. ಅಂದಿನಿಂದ ಕೈಬಿಟ್ಟೆ. ಅಪ್ಪ ಕಾಗದ ಬರೆದು ಮಗನಿಗೆ ಓದಿ ಹೇಳುವುದನ್ನು ಮಾತ್ರ ಉಳಿಸಿಕೊಂಡೆ. ಅರ್ಧ ಪುಟ, ಅದರಲ್ಲಿ ನಾನು ಇನ್ನು ಏನು ಮಾಡುವುದಿಲ್ಲ ಅಂತ ಅಪ್ಪ ಹೇಳಬೇಕು. ನೀನು ಏನು ಮಾಡಬೇಕು ಅಂತ ಒಂದು ಸಾಲೂ ಇರಬಾರದು. ಹಿಂದೆ ಹೊಡೆದದ್ದಕ್ಕೆ ಕ್ಷಮೆ ಕೇಳುವುದನ್ನು ನಾನು ಒತ್ತಾಯ ಮಾಡುವುದಿಲ್ಲ. ಮಾಡಿಸಿದ ಒಂದು ಮನೆಯಲ್ಲಿ ಮಗ ಕೇಳಿದ, "ಇದೂ ಅವರು ಹೇಳಿಕೊಟ್ಟದ್ದಾ?" ಅಂತ.

ಇನ್ನೊಂದು, ನಿದ್ದೆ. ಸುಮ್ನೆ ಕುತೂಹಲಕ್ಕೆ, ಎಂಟು ಮನೆಯ ಜಗಳದ ಪುಸ್ತಕದಲ್ಲಿ ಹಿಂದಿನ ರಾತ್ರಿ ಯಾರು ಎಷ್ಟು ಹೊತ್ತು ಮಲಗಿದರು ಅಂತ ಬರೆಸಿದೆ. ದೊಡ್ಡ ಜಗಳಗಳಲ್ಲಿ ಮೂರಕ್ಕೆ ಎರಡು ಭಾಗ, ಇಬ್ಬರಲ್ಲಿ ಒಬ್ಬರು ಐದು ಗಂಟೆಗಿಂತ ಕಡಿಮೆ ಮಲಗಿದ ಮರುದಿನ. ಹೆಚ್ಚಿನ ಸಲ ಆ ಒಬ್ಬರು ಅಪ್ಪ. ಮೂರು ಮನೆಯಲ್ಲಿ ನಾನು ಬೇರೆ ಏನೂ ಮಾಡದೆ ಒಂದು ತಿಂಗಳು ಅಪ್ಪನ ನಿದ್ದೆ ಮಾತ್ರ ಸರಿ ಮಾಡಿಸಿದೆ, ಎರಡರಲ್ಲಿ ಜಗಳ ಅರ್ಧಕ್ಕೆ ಇಳಿಯಿತು. ಇದನ್ನು ಯಾರಾದರೂ ಸರಿಯಾಗಿ ಕೂತು ಮಾಡಬೇಕು.

ದುಡ್ಡಿನ ವಿಷಯ. ಮೊದಲು ಪುಕ್ಕಟೆ ಮಾಡಿದೆ, ಅರ್ಧ ಜನ ನಾಲ್ಕನೇ ವಾರ ಬರಲಿಲ್ಲ. ಆಮೇಲೆ ವಾರ ವಾರ ಫೀಸು ತಗೊಂಡೆ, ಜಗಳ ಕಡಿಮೆಯಾದ ಕೂಡಲೇ ನಿಲ್ಲಿಸಿದರು, ಎರಡು ತಿಂಗಳಿಗೆ ಮತ್ತೆ ಮೊದಲಿನ ಹಾಗೆ. ಈಗ ಹತ್ತು ವಾರದ್ದು ಒಟ್ಟಿಗೆ ಮುಂಗಡ. ಗಂಡ-ಹೆಂಡತಿ ಇಬ್ಬರೂ ಹತ್ತೂ ವಾರ ಬಂದರೆ, ಲೆಕ್ಕದ ಪುಸ್ತಕ ತಪ್ಪದೆ ತುಂಬಿದರೆ, ನಾಲ್ಕನೇ ಒಂದು ಭಾಗ ವಾಪಸ್. ಕೊಡಲು ಆಗದವರಿಗೆ ಮೊತ್ತ ಕಡಿಮೆ ಮಾಡುತ್ತೇನೆ, ಈ ಕಟ್ಟಳೆ ಮಾತ್ರ ಬದಲಿಸುವುದಿಲ್ಲ. ಇದನ್ನು ಕೇಳಿ ನಮ್ಮವರೇ, ಇದು ಸಮಾಲೋಚನೆಯೋ ಚೀಟಿ ವ್ಯವಹಾರವೋ ಅಂದರು. ಆದರೆ ಅಪ್ಪಂದಿರು ಬರಲು ಶುರು ಮಾಡಿದ್ದು ಇದರಿಂದಲೇ. ಮೂರು ವರ್ಷ ನಷ್ಟದಲ್ಲಿ ನಡೆದ ಕೆಲಸ ನಾಲ್ಕನೇ ವರ್ಷ ತನ್ನ ಬಾಡಿಗೆ ತಾನೇ ಕಟ್ಟಿಕೊಂಡಿತು.

ನೆನಪಿನಿಂದ ಲೆಕ್ಕ ಕೊಡುವುದಾದರೆ, 40ರಲ್ಲಿ 28ರ ಆಸುಪಾಸು ಹತ್ತು ವಾರ ಮುಗಿಸಿದರು. ಅದರಲ್ಲಿ 18-19 ಮನೆಯಲ್ಲಿ ದೊಡ್ಡ ಜಗಳ ಅರ್ಧಕ್ಕಿಂತ ಕಡಿಮೆಯಾಯಿತು, ಆರು ತಿಂಗಳ ಫಾಲೋಅಪ್‌ನಲ್ಲೂ ಹಾಗೇ ಇತ್ತು. ಐದಾರು ಕಡೆ ಏನೂ ಬದಲಾಗಲಿಲ್ಲ. ಎರಡು ಕಡೆ ಕೆಟ್ಟಿತು. ಆ ಎರಡೂ ನನ್ನ ತಪ್ಪು. ಒಂದರಲ್ಲಿ ಅಪ್ಪ ಈಗಲೂ ಅಮ್ಮನ ಮೇಲೆ ಕೈ ಮಾಡುತ್ತಿದ್ದರು, ನಾನು ಕೇಳಬೇಕಾದ್ದನ್ನು ಬೇರೆ ಬೇರೆ ಕೂರಿಸಿ ಕೇಳಿರಲಿಲ್ಲ. ಇನ್ನೊಂದರಲ್ಲಿ ಹುಡುಗ ಕುಡಿತಕ್ಕೆ ಬಿದ್ದಿದ್ದ. ಈಗ ಅಂಥ ಮನೆ ತೆಗೆದುಕೊಳ್ಳುವುದಿಲ್ಲ. ಮನೆಯಲ್ಲಿ ಆಯುಧ ಇದ್ದರೆ, ಯಾರಿಗಾದರೂ ಜೀವಭಯ ಇದ್ದರೆ, ಮೊದಲು ಅವರನ್ನು ಅಲ್ಲಿಂದ ಹೊರಗೆ ತರುವ ಕೆಲಸ, ಉಳಿದದ್ದೆಲ್ಲ ಆಮೇಲೆ. ಹತ್ತು ಹನ್ನೊಂದು ಹುಡುಗರು ಆಮೇಲೆ ತಾವಾಗಿಯೇ ನನ್ನನ್ನು ಹುಡುಕಿಕೊಂಡು ಬಂದರು. ಅಪ್ಪನಿಗೆ ಏನು ಮಾಡಿದಿರಿ ಅಂತ ಕೇಳಿದವರೇ ಜಾಸ್ತಿ.

ಒಂದು ವಿಷಯದಲ್ಲಿ ನಾನು ಬದಲಾಗಿದ್ದೇನೆ. ಮೊದಲು ಎಲ್ಲ ತಪ್ಪನ್ನೂ ಅಪ್ಪ-ಅಮ್ಮನ ತಲೆಗೆ ಕಟ್ಟುತ್ತಿದ್ದೆ. ಒಂದೇ ಮನೆಯ ಅಣ್ಣ-ತಮ್ಮಂದಿರನ್ನು ನೋಡಿದ ಮೇಲೆ ಬಿಟ್ಟೆ. ಅಣ್ಣ ಹಸುವಿನಂಥವನು, ತಮ್ಮ ಬೆಂಕಿ. ರಿಚರ್ಡ್ ಬೆಲ್ 1968ರಲ್ಲೇ ಹೇಳಿದ್ದರು, ಮಗುವೂ ಅಪ್ಪ-ಅಮ್ಮನನ್ನು ಬೆಳೆಸುತ್ತದೆ ಅನ್ನುವ ಅರ್ಥದ ಮಾತು. ಬೆಂಕಿಯಂಥ ಮಗುವಿನ ಮುಂದೆ ಎಂಥವರೂ ಹತ್ತು ವರ್ಷದಲ್ಲಿ ಬಿಗಿಯಾಗುತ್ತಾರೆ, ಇಲ್ಲ ಕೈಚೆಲ್ಲುತ್ತಾರೆ. ಇದನ್ನು ಮೊದಲ ದಿನವೇ ಹೇಳಿಬಿಟ್ಟರೆ ಅಪ್ಪಂದಿರ ಭುಜ ಇಳಿಯುವುದು ಕಣ್ಣಿಗೆ ಕಾಣುತ್ತದೆ. ತಪ್ಪು ನಿಮ್ಮದಲ್ಲ, ಆದರೆ ಮೊದಲ ಹೆಜ್ಜೆ ನಿಮ್ಮದು ಅಂದರೆ ಕೇಳುತ್ತಾರೆ.

ಯಾರೂ ನೋಡದ ಮನೆಗಳಲ್ಲಿ ಮಾತ್ರ ನಾನು ಇನ್ನೂ ಗೆದ್ದಿಲ್ಲ. ಕರೆದರೆ ಅಪ್ಪ-ಅಮ್ಮ ಬರುವುದೇ ಇಲ್ಲ. ಈಗ ಅಂಥ ಮೂರು ಮನೆಯಲ್ಲಿ ಅಕ್ಕ-ಅಣ್ಣಂದಿರನ್ನು ಕರೆಸಿ ಅದೇ ಹತ್ತು ವಾರ ಮಾಡಿಸುತ್ತಿದ್ದೇನೆ. ಇಬ್ಬರು ಅಣ್ಣಂದಿರು ಎರಡನೇ ವಾರಕ್ಕೇ ತಮ್ಮನಿಗೆ ಭಾಷಣ ಶುರು ಮಾಡಿದರು, ನಿಲ್ಲಿಸಿದ್ದೇನೆ. ಒಬ್ಬ ಅಕ್ಕ ಗಟ್ಟಿ ಇದ್ದಾಳೆ. ಅವಳಿಗೆ 27, ತಮ್ಮನಿಗೆ 19. ನಾಲ್ಕನೇ ವಾರ ನಡೆಯುತ್ತಿದೆ, ಅಂದರೆ ಕೆಡುವ ವಾರ. ನಿನ್ನೆ ರಾತ್ರಿ ತಮ್ಮ ಫೋನ್ ಗೋಡೆಗೆ ಎಸೆದ ಅಂತ ಮೆಸೇಜ್ ಹಾಕಿದ್ದಳು. ಕೆಳಗೆ ಇನ್ನೊಂದು ಸಾಲು: "ಬೆಳಿಗ್ಗೆ ಮಾತಾಡಿದೆ ಮೇಡಂ."